ಪಂಚಗಂಗೆಯ ದಡದ ಯವನ ದೇವತೆ: ಕೃಷ್ಣಾ ತೀರದ ನಾಡು ಮತ್ತು ಗ್ರೀಕ್-ರೋಮನ್ ಜಗತ್ತು

ರಾಯಬಾಗ ತಾಲ್ಲೂಕಿನ ಕುಡಚಿಯ ಬಳಿ ರೈಲು ಸೇತುವೆಯ ಕೆಳಗೆ ಹರಿಯುವ ಕೃಷ್ಣೆಯಲ್ಲಿ ಪಂಚಗಂಗೆಯ ನೀರೂ ಸೇರಿರುತ್ತದೆ. ಕೊಲ್ಹಾಪುರವನ್ನು ಬಳಸಿಕೊಂಡು ಬರುವ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ದೂಧಗಂಗೆಯನ್ನೂ ಸೇರಿಸಿಕೊಂಡ ಹೊಳೆ ಅಂಕಲಿ, ಉಗಾರಗಳನ್ನು ದಾಟಿ ಕುಡಚಿಗೆ ಇಳಿಯುತ್ತದೆ. ಈ ಜಲಮಾರ್ಗದ ಮೇಲ್ಭಾಗದಲ್ಲಿ, ಕೊಲ್ಹಾಪುರದ ಪಂಚಗಂಗೆಯ ದಂಡೆಯ ಮೇಲೆ, ಬ್ರಹ್ಮಪುರಿ ಎಂಬ ದಿಬ್ಬವಿದೆ. ಭಾರತ ಮತ್ತು ರೋಮನ್ ಸಾಮ್ರಾಜ್ಯಗಳ ಸಂಬಂಧವನ್ನು ಕುರಿತು ಜಗತ್ತಿನ ಯಾವ ಮೂಲೆಯಲ್ಲಿ ಚರ್ಚೆ ನಡೆದರೂ ಈ ದಿಬ್ಬದ ಹೆಸರು ಬರುತ್ತದೆ. ಕನ್ನಡ ಸಾಹಿತ್ಯ ಚರಿತ್ರೆಯ ಪಾಠಗಳಲ್ಲಿ ಮಾತ್ರ ಅದು ಕೇಳಿಬರುವುದು ಅಪರೂಪ. ಅಲ್ಲಿ ಗ್ರೀಕರ ಪ್ರಸ್ತಾಪ ಬಂದೊಡನೆ ನೆನಪಾಗುವುದು ಈಜಿಪ್ಟಿನಲ್ಲಿ ದೊರೆತ ಒಂದು ಪ್ರಹಸನ ಮತ್ತು ಅದರಲ್ಲಿವೆ ಎನ್ನಲಾದ ಕನ್ನಡ ಮಾತುಗಳು. ಎರಡು ಆಧಾರಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಇನ್ನೊಮ್ಮೆ ನೋಡಬೇಕಾಗಿದೆ.

ಬ್ರಹ್ಮಪುರಿಯ ಕಂಚಿನ ವಸ್ತುಗಳು ಬೆಳಕಿಗೆ ಬಂದದ್ದು 1940ರ ದಶಕದ ನಡುವಿನಲ್ಲಿ. ವಿದ್ವತ್ ಪ್ರಪಂಚದಲ್ಲಿ ಈ ನಿಧಿಗೆ ‘ಕುಂದಣಗಾರ ನಿಧಿ’ ಎಂದೇ ಹೆಸರು. 1960ರಲ್ಲಿ ‘ಲಲಿತ ಕಲಾ’ ಪತ್ರಿಕೆಯಲ್ಲಿ ಇದನ್ನು ಕುರಿತು ದೀರ್ಘ ಲೇಖನ ಬರೆದ ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರೂ ಆ ಹೆಸರನ್ನೇ ಬಳಸಿದರು. ಈ ಕುಂದಣಗಾರರು ಬೇರೆ ಯಾರೂ ಅಲ್ಲ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಪ್ರೊ. ಕೆ. ಜಿ. ಕುಂದಣಗಾರರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಗ್ರಂಥರೂಪದಲ್ಲಿ ಹೊರತಂದವರು. 1961ರಲ್ಲಿ ಗದಗಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹಳಗನ್ನಡ ಕಾವ್ಯಗಳ ಸಂಪಾದಕರೆಂದು ಅವರನ್ನು ಬಲ್ಲವರಿದ್ದಾರೆ. ರೋಮನ್ ಕಂಚುಗಳ ನಿಧಿಯೊಂದು ಅವರ ಹೆಸರಿನಲ್ಲಿದೆ ಎಂಬುದನ್ನು ಬಲ್ಲ ಕನ್ನಡ ವಿದ್ಯಾರ್ಥಿಗಳು ಹೆಚ್ಚಿಲ್ಲ. ಅನಂತರ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತರು ಅಲ್ಲಿ ಕ್ರಮಬದ್ಧ ಉತ್ಖನನ ನಡೆಸಿದರು. ಅದರ ವರದಿ 1952ರಲ್ಲಿ ಪ್ರಕಟವಾಯಿತು. ದಿಬ್ಬದ ಕೆಳಪದರದಲ್ಲಿ ಶಾತವಾಹನರ ಕಾಲದ ಇಟ್ಟಿಗೆ ಮನೆಗಳ ಪಟ್ಟಣವೊಂದು ಇತ್ತೆಂಬುದು ಆಗ ಸ್ಥಿರಪಟ್ಟಿತು.

ನಿಧಿಯಲ್ಲಿ ಎರಡು ಬಗೆಯ ವಸ್ತುಗಳಿವೆ. ಕೆಲವು ಇಲ್ಲಿಯವೇ. ಬೆನ್ನ ಮೇಲೆ ಸವಾರರನ್ನು ಹೊತ್ತ ಪುಟ್ಟ ಕಂಚಿನ ಆನೆ ಅವುಗಳಲ್ಲಿ ಹೆಸರಾದದ್ದು; ಅದನ್ನು ಎರಕ ಹೊಯ್ದವನು ದಖ್ಖನಿನ ಕಮ್ಮಾರನೇ ಎಂಬುದರಲ್ಲಿ ಅನುಮಾನವಿಲ್ಲ. ಉಳಿದವು ಮೆಡಿಟರೇನಿಯನ್ ಕಡಲಿನ ಸುತ್ತಣ ನಾಡುಗಳಿಂದ ಬಂದವು: ದ್ರಾಕ್ಷಾರಸ ಸುರಿಯುವ ಹೂಜಿ, ಕನ್ನಡಿ, ಗ್ರೀಕ್ ಪುರಾಣದ ಪರ್ಸಿಯಸ್ ಮತ್ತು ಆಂಡ್ರೊಮಿಡಾರ ಉಬ್ಬುಚಿತ್ರವುಳ್ಳ ಬಿಲ್ಲೆ, ಮತ್ತು ಎಲ್ಲಕ್ಕಿಂತ ಪ್ರಸಿದ್ಧವಾದ, ಒಂದು ಗೇಣಿಗಿಂತಲೂ ಚಿಕ್ಕದಾದ, ಸಮುದ್ರದೇವತೆ ಪೊಸೈಡನ್ನನ ನಿಂತ ವಿಗ್ರಹ. ಎತ್ತಿದ ಕೈಯಲ್ಲಿ ತ್ರಿಶೂಲವಿದ್ದಿರಬೇಕು, ಅದೀಗ ಇಲ್ಲ. ಅಮೆರಿಕದ ವಿದ್ವಾಂಸ ರಿಚರ್ಡ್ ಡಿ ಪೂಮಾ 1991ರಲ್ಲಿ ಈ ಕಂಚುಗಳನ್ನು ಒಂದೊಂದಾಗಿ ಪರಿಶೀಲಿಸಿ, ಆಮದಾದವು ಯಾವುವು, ಇಲ್ಲಿಯವು ಯಾವುವು ಎಂಬುದನ್ನು ವಿಂಗಡಿಸಿದರು.

ಈ ವಿಗ್ರಹದ ಬಗ್ಗೆ ಜೈನ ಶಿಲ್ಪವನ್ನು ಬಲ್ಲವರಿಗೆ ಹೊಳೆಯುವ ಮಾತೊಂದಿದೆ. ಪೊಸೈಡನ್ ನಗ್ನ, ನಿಂತ ಭಂಗಿ. ಕೊಲ್ಹಾಪುರವೋ ಮುಂದೆ ದಿಗಂಬರ ಪರಂಪರೆಯ ಹಿರಿಯ ಕೇಂದ್ರವಾದ ಊರು. ಇಷ್ಟರಿಂದಲೇ ಎರಡನ್ನೂ ಜೋಡಿಸಹೊರಡುವುದು ಸಲ್ಲದು. ಗ್ರೀಕ್ ಶಿಲ್ಪಿ ದೇಹದ ಭಾರವನ್ನು ಒಂದು ಕಾಲಿನ ಮೇಲೆ ಹಾಕುತ್ತಾನೆ. ಸೊಂಟ ಒಂದು ಕಡೆಗೆ ವಾಲುತ್ತದೆ, ಹೆಗಲು ಇನ್ನೊಂದು ಕಡೆಗೆ. ಮುಂದಿನ ಕ್ಷಣದ ಚಲನೆ ಸ್ನಾಯುಗಳಲ್ಲಿ ಕಾಣುತ್ತದೆ. ಕಾಯೋತ್ಸರ್ಗದ ಜಿನನಲ್ಲಿ ಭಾರ ಎರಡೂ ಪಾದಗಳಲ್ಲಿ ಸಮನಾಗಿದೆ, ತೋಳುಗಳು ಇಳಿಬಿದ್ದಿವೆ, ಮುಂದಿನ ಕ್ಷಣವೆಂಬುದೇ ಇಲ್ಲ. ನಗ್ನತೆ ಒಂದೇ, ಅದರ ಹಿಂದಿನ ತತ್ತ್ವಗಳು ಎರಡು ದಿಕ್ಕಿನವು. ಗಾಂಧಾರದಲ್ಲಿ ಗ್ರೀಕ್ ಶೈಲಿ ಶಿಲ್ಪಿಯ ಕೈಗೇ ಇಳಿಯಿತು. ಕೃಷ್ಣಾ ತೀರದಲ್ಲಿ ವಸ್ತು ಬಂತು, ಶೈಲಿ ಬರಲಿಲ್ಲ.

ಹಾಗಾದರೆ ಕಡಲಿನಿಂದ ಸುಮಾರು 100 ಕಿಲೋಮೀಟರು ಒಳಗೆ, ಸಹ್ಯಾದ್ರಿಯ ಈಚೆಗೆ, ಸಮುದ್ರದೇವತೆಗೆ ಏನು ಕೆಲಸವಿತ್ತು? ಮನೆಯ ಒಡೆಯ ಪೊಸೈಡನ್ನನನ್ನು ಪೂಜಿಸಿದನೆಂದು ಹೇಳಲು ಯಾವ ಆಧಾರವೂ ಇಲ್ಲ. ದೂರದೇಶದ ಚೆಲುವಾದ ವಸ್ತುವೆಂದು ಸಿರಿವಂತ ವರ್ತಕನೊಬ್ಬ ಇರಿಸಿಕೊಂಡಿದ್ದಿರಬಹುದು. ಅಥವಾ ಇದೆಲ್ಲ ಕರಗಿಸಲು ಕೂಡಿಹಾಕಿದ ಲೋಹವೂ ಆಗಿದ್ದಿರಬಹುದು. ಕ್ರಿ.ಶ. ಮೊದಲನೆಯ ಶತಮಾನದ ನಡುವಿನಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಕಡಲಯಾನದ ಕೈಪಿಡಿ, ಭೃಗುಕಚ್ಛದ ಬಂದರಿಗೆ ಬರುತ್ತಿದ್ದ ಸರಕುಗಳಲ್ಲಿ ದ್ರಾಕ್ಷಾರಸ, ಹವಳ, ಗಾಜುಗಳ ಜೊತೆಗೆ ತಾಮ್ರ, ತವರ, ಸೀಸಗಳನ್ನೂ ಹೇಳುತ್ತದೆ. ದಖ್ಖನಿಗೆ ಲೋಹ ಬೇಕಾಗಿತ್ತು. ಒಬ್ಬನಿಗೆ ದೇವರಾದದ್ದು ಇನ್ನೊಬ್ಬನಿಗೆ ತೂಕದ ಕಂಚಾಗುವುದು ವ್ಯಾಪಾರದಲ್ಲಿ ಹೊಸದಲ್ಲ.

ಅದೇ ಕೈಪಿಡಿ ದಖ್ಖನಿನ ಒಳನಾಡಿನ ಎರಡು ಪೇಟೆಗಳನ್ನು ಹೆಸರಿಸುತ್ತದೆ: ಪೈಠಾಣ ಮತ್ತು ತಗರ, ಅಂದರೆ ಇಂದಿನ ತೇರ. ಭೃಗುಕಚ್ಛದಿಂದ ಪೈಠಾಣಕ್ಕೆ 20 ದಿನಗಳ ಹಾದಿ, ಅಲ್ಲಿಂದ ತಗರಕ್ಕೆ ಇನ್ನೂ 10 ದಿನ. ಸರಕು ಬಂಡಿಗಳಲ್ಲಿ ಸಾಗುತ್ತಿತ್ತು. ಕೊಂಕಣದ ಕರಾವಳಿಯುದ್ದಕ್ಕೂ ಚಿಕ್ಕ ಬಂದರುಗಳ ಸಾಲನ್ನೂ ಅದು ಕೊಡುತ್ತದೆ. ಆ ಬಂದರುಗಳಿಂದ ಘಟ್ಟ ಹತ್ತಿದವರಿಗೆ ಮೊದಲು ಸಿಗುವ ದೊಡ್ಡ ಬಯಲೇ ಪಂಚಗಂಗೆ-ಕೃಷ್ಣೆಯರ ಕಪ್ಪುಮಣ್ಣಿನ ನಾಡು. ಈ ನಾಡಿನ ದಕ್ಷಿಣಕ್ಕೆ ಬೆಳಗಾವಿಯ ಪಕ್ಕದ ವಡಗಾವಿ-ಮಾಧವಪುರದಲ್ಲಿ 1970ರ ದಶಕದಲ್ಲಿ ನಡೆದ ಉತ್ಖನನ ಶಾತವಾಹನರ ಕಾಲದ ಇನ್ನೊಂದು ನಗರವನ್ನು ತೋರಿಸಿಕೊಟ್ಟಿತು. ಇನ್ನೂ ಕೆಳಗೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದ ಬೆಳ್ಳಿ ದಿನಾರಿಗಳ ರಾಶಿ 1891ರಷ್ಟು ಹಿಂದೆಯೇ ಸಿಕ್ಕಿತ್ತು. ಭಾರತದ ವ್ಯಾಪಾರ ಪ್ರತಿವರ್ಷ 5 ಕೋಟಿ ಸೆಸ್ಟರ್ಸ್ ಹಣವನ್ನು ಹೀರಿಕೊಳ್ಳುತ್ತಿದೆಯೆಂದು ರೋಮಿನ ಹಿರಿಯ ಪ್ಲಿನಿ ಗೊಣಗಿದ್ದು ಎಲ್ಲರಿಗೂ ತಿಳಿದ ಸಂಗತಿ. ಆ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಗೊಣಗಾಟಕ್ಕೆ ಕಾರಣವಿತ್ತು.

ಕಂಚಿಗಿಂತಲೂ ಗಟ್ಟಿಯಾದ ಸಾಕ್ಷ್ಯ ಕೊಲ್ಹಾಪುರದ ನಾಣ್ಯಗಳದ್ದು. ಬ್ರಹ್ಮಪುರಿ ಮತ್ತು ಸುತ್ತಮುತ್ತ ದೊರೆತ, ಬಿಲ್ಲು-ಬಾಣದ ಗುರುತುಳ್ಳ ನಾಣ್ಯಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಮೂವರು ಅರಸರ ಹೆಸರುಗಳಿವೆ: ವಾಸಿಠಿಪುತ ವಿಳಿವಾಯಕುರ, ಮಾಢರಿಪುತ ಸಿವಲಕುರ, ಗೋತಮಿಪುತ ವಿಳಿವಾಯಕುರ. ಈಗ ಅಲೆಕ್ಸಾಂಡ್ರಿಯಾದ ಕಡೆಗೆ ತಿರುಗಬೇಕು. ಕ್ರಿ.ಶ. 150ರ ಆಸುಪಾಸಿನಲ್ಲಿ ಅಲ್ಲಿ ಕುಳಿತು ಭೂಗೋಳ ಗ್ರಂಥ ರಚಿಸಿದ ಟಾಲೆಮಿ, ದಖ್ಖನಿನ ಹಿಪ್ಪೊಕೌರ ಎಂಬ ಊರು ಬಲಿಯೊಕೌರೊಸ್ ಎಂಬವನ ರಾಜಧಾನಿಯೆಂದು ಬರೆದ. ಬಲಿಯೊಕೌರೊಸನೇ ವಿಳಿವಾಯಕುರನೆಂದು ಆರ್. ಜಿ. ಭಾಂಡಾರಕರರು 19ನೆಯ ಶತಮಾನದಲ್ಲೇ ಗುರುತಿಸಿದರು. ಹಿಪ್ಪೊಕೌರ ಯಾವುದೆಂಬ ಬಗ್ಗೆ ಒಮ್ಮತವಿಲ್ಲ. ಅರಸನ ಹೆಸರಿನ ಬಗ್ಗೆ ಹೆಚ್ಚಿನವರಿಗೆ ತಕರಾರಿಲ್ಲ. ಅಂದರೆ ಪಂಚಗಂಗೆಯ ತೀರದ ಅರಸನೊಬ್ಬನ ಹೆಸರು, ವರ್ತಕರ ಬಾಯಿಂದ ಬಾಯಿಗೆ ದಾಟಿ, ಈಜಿಪ್ಟಿನ ಗ್ರೀಕ್ ಗ್ರಂಥವೊಂದರಲ್ಲಿ ನೆಲೆನಿಂತಿದೆ. ಅದೇ ಹೆಸರು ಇಲ್ಲಿಯ ಮಣ್ಣಿನಲ್ಲಿ ನಾಣ್ಯವಾಗಿ ಉಳಿದಿದೆ. ಎರಡು ನಾಡುಗಳ ಸಾಕ್ಷಿಗಳು, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಮಾತನ್ನು ಹೇಳುತ್ತಿವೆ. ಚರಿತ್ರೆಕಾರನಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಇಲ್ಲಿ ಕನ್ನಡಿಗನನ್ನು ಸೆಳೆಯುವ ಒಂದು ಬಲೆಯೂ ಇದೆ. ‘ವಿಳಿವಾಯಕುರ’ ಎಂಬುದು ಸಂಸ್ಕೃತದಿಂದ ಸುಲಭವಾಗಿ ಬಿಡಿಸಲಾಗದ ಪದ. ದ್ರಾವಿಡ ಮೂಲದ್ದಿರಬೇಕೆಂದು ಊಹಿಸಿದವರಿದ್ದಾರೆ. ನಾಣ್ಯದ ಮೇಲೆ ಬಿಲ್ಲಿದೆ. ತಮಿಳಿನ ‘ವಿಲ್’ ಕನ್ನಡದಲ್ಲಿ ‘ಬಿಲ್’ ಆಗುತ್ತದೆ. ಹಾಗಾದರೆ ಇವನು ಬಿಲ್ಲಿನ ಅರಸ, ಕನ್ನಡದ ಅರಸ! ಕೇಳಲು ಹಿತವಾದ ವಾದ. ಆದರೆ ಹೆಸರಿನಲ್ಲಿರುವುದು ‘ಳ’ಕಾರ, ಬಿಲ್ಲಿನಲ್ಲಿರುವುದು ‘ಲ’ಕಾರ, ಉಳಿದ ‘ವಾಯ’, ‘ಕುರ’ಗಳಿಗೆ ಅರ್ಥ ಹೇಳಬೇಕು, ಬಿಲ್ಲು-ಬಾಣದ ಗುರುತು ಸಿವಲಕುರನ ನಾಣ್ಯದ ಮೇಲೂ ಇದೆ, ಅವನ ಹೆಸರಿನಲ್ಲಿ ‘ವಿಳಿ’ ಇಲ್ಲ. ಧ್ವನಿಸಾಮ್ಯದ ಒಂದು ಎಳೆಯಿಂದ ಚರಿತ್ರೆಯ ಹಗ್ಗ ಹೊಸೆಯಲಾಗದು.

ಈ ಎಚ್ಚರವನ್ನು ಚಾರಿಷನ್ ಪ್ರಹಸನದ ವಿಷಯದಲ್ಲಿ ಎಲ್ಲರೂ ತೋರಿಸಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಿಂದ ಗ್ರೆನ್‌ಫೆಲ್ ಮತ್ತು ಹಂಟ್ ಹೊರತೆಗೆದ ಪಪೈರಸ್ ಹಾಳೆಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಅವರು ಅದನ್ನು 1903ರಲ್ಲಿ ಪ್ರಕಟಿಸಿದರು. ಕಥೆ ಸರಳ: ಚಾರಿಷನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ, ಅಣ್ಣ ಮತ್ತು ಅವನ ಸಂಗಡಿಗರು ಅಲ್ಲಿಯ ಅರಸನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ಅವಳನ್ನು ಪಾರುಮಾಡುತ್ತಾರೆ. ಯೂರಿಪಿಡೀಸನ ಇಫಿಜಿನಿಯಾ ನಾಟಕದ ಕಥೆಯನ್ನು ಅಗ್ಗದ ಹಾಸ್ಯಕ್ಕೆ ಇಳಿಸಿದಂತಿದೆ. ಅರಸನೂ ಅವನ ಜನರೂ ಗ್ರೀಕ್ ಅಲ್ಲದ ಯಾವುದೋ ಭಾಷೆ ಆಡುತ್ತಾರೆ. ಶಾಸನತಜ್ಞ ಹುಲ್ಷ್ 1904ರಲ್ಲಿ ಆ ಮಾತುಗಳಲ್ಲಿ ಕೆಲವು ಕನ್ನಡವೆಂದು ಓದಿದರು. ಆರ್. ಶಾಮಶಾಸ್ತ್ರಿ ಮತ್ತು ಎಂ. ಗೋವಿಂದ ಪೈಗಳಂಥ ಹಿರಿಯರು ಆ ದಾರಿಯಲ್ಲಿ ಮುಂದುವರಿದರು. ಬಿ. ಎ. ಸಾಲೆತೊರೆಯವರು ಘಟನೆಯ ನೆಲೆಯನ್ನು ತುಳುನಾಡಿನಲ್ಲಿ ಅರಸಿದರು. ಅದು ಕನ್ನಡವಲ್ಲ, ತುಳು ಎಂದವರೂ ಉಂಟು. 1926ರಲ್ಲಿ ಎಲ್. ಡಿ. ಬಾರ್ನೆಟ್ ಈ ಓದನ್ನು ಸ್ಪಷ್ಟವಾಗಿ ಅಲ್ಲಗಳೆದರು. ನಮ್ಮ ಪಠ್ಯಗಳಲ್ಲಿ ಹುಲ್ಷರು ಉಳಿದರು, ಬಾರ್ನೆಟ್ ಉಳಿಯಲಿಲ್ಲ.

ಆಕರ್ಷಣೆಗೆ ಕಾರಣ ಗೂಢವಲ್ಲ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಪಪೈರಸ್ಸಿನ ಕಾಲ ಎರಡನೆಯ ಶತಮಾನ. ಅದರ ಮಾತು ಕನ್ನಡವೆಂದಾದರೆ ಭಾಷೆಯ ಲಿಖಿತ ಚರಿತ್ರೆ ಒಂದೇ ಜಿಗಿತಕ್ಕೆ ಸುಮಾರು 300 ವರ್ಷ ಹಿಂದೆ ಹೋಗುತ್ತದೆ. ಭಾಷೆಯ ಪ್ರಾಚೀನತೆ ಮಾನದ ಪ್ರಶ್ನೆಯಾದ ಕಾಲದಲ್ಲಿ ಇಂಥ ಆಧಾರವನ್ನು ಬಿಡುವುದು ಕಷ್ಟ.

ಗ್ರೀಕ್ ಮತ್ತು ಲ್ಯಾಟಿನ್ ಹಾಸ್ಯನಾಟಕಗಳ ರೂಢಿಯನ್ನು ನೋಡಿದರೆ ಎರಡು ಸಾಧ್ಯತೆಗಳೂ ತೆರೆದಿವೆ. ಅರಿಸ್ಟೊಫನೀಸನ ‘ಅಕಾರ್ನಿಯನ್ಸ್’ ನಾಟಕದಲ್ಲಿ ಪರ್ಷಿಯಾದ ದೂತನ ಬಾಯಲ್ಲಿ ಬರುವುದು ಬಹುಮಟ್ಟಿಗೆ ನಗಿಸಲು ಕಟ್ಟಿದ ಕಲಸುಮೇಲೋಗರ. ಪ್ಲಾಟಸನ ‘ಪೀನುಲಸ್’ ನಾಟಕದಲ್ಲಿ ಕಾರ್ತೇಜಿನವನು ಆಡುವುದಾದರೋ ನಿಜವಾದ ಪ್ಯೂನಿಕ್ ಭಾಷೆ. ಚಾರಿಷನ್ನಿನ ಅರಸ ಯಾವ ಗುಂಪಿನವನು? ಪಪೈರಸ್ಸಿನಲ್ಲಿ ಪದಗಳ ನಡುವೆ ತೆರಪಿಲ್ಲ. ಅಕ್ಷರಮಾಲೆಯನ್ನು ಎಲ್ಲಿ ತುಂಡರಿಸಬೇಕೆಂಬುದು ಓದುಗನ ಕೈಯಲ್ಲಿದೆ. ಗ್ರೀಕ್ ಲಿಪಿಗೆ ಮೂರ್ಧನ್ಯ ಧ್ವನಿಗಳನ್ನು ತೋರಿಸುವ ಶಕ್ತಿಯಿಲ್ಲ. ಅವನ್ನು ತುಂಬಿಕೊಡುವವನೂ ಓದುಗನೇ. ಗುರುತಿಸಿದ ಪದಗಳಲ್ಲಿ ಎದ್ದುಕಾಣುವ ‘ಮಧು’, ‘ಪಾತ್ರ’ಗಳು ಸಂಸ್ಕೃತದವು, ಭಾರತದ ಯಾವ ಬಂದರಿನಲ್ಲಾದರೂ ನಾವಿಕನ ಕಿವಿಗೆ ಬಿದ್ದಿರಬಹುದಾದವು. ಇಷ್ಟಾದ ಮೇಲೂ ಅಲ್ಲಿ ಒಂದೆರಡು ಕನ್ನಡ ಪದ ಇದ್ದಿರಬಹುದೆಂಬ ಸಾಧ್ಯತೆ ಅಳಿಯುವುದಿಲ್ಲ. ಸಾಧ್ಯತೆಯನ್ನು ಸಾಧ್ಯತೆಯೆಂದೇ ವಿದ್ಯಾರ್ಥಿಗೆ ಹೇಳಬೇಕು. ಪರೀಕ್ಷೆಯ ಉತ್ತರದಲ್ಲಿ ಅದು ಸಿದ್ಧಾಂತವಾಗಿ ಬರೆಯಲ್ಪಡುತ್ತಿರುವುದು ಸರಿಯಲ್ಲ.

ಅನುಮಾನದ ಆಧಾರ ಪಠ್ಯಕ್ಕೆ ಬಂದು, ಗಟ್ಟಿಯಾದದ್ದು ಹೊರಗುಳಿಯಲು ಇನ್ನೊಂದು ಕಾರಣವಿದೆ: ಗಡಿ. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕೊಲ್ಹಾಪುರ ಆ ಕಡೆ ಉಳಿಯಿತು. 1949ರ ವಿಲೀನದವರೆಗೆ ರಾಯಬಾಗವೇ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಸಿದವರು. ಅಲ್ಲಿಯ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಹೆಸರು ತೇರದಾಳದ 12ನೆಯ ಶತಮಾನದ ಶಾಸನದಲ್ಲಿ ಬರುತ್ತದೆ. ನಕ್ಷೆಯ ಗೆರೆ ಬದಲಾದೊಡನೆ ಬ್ರಹ್ಮಪುರಿ ‘ಮಹಾರಾಷ್ಟ್ರದ ಪುರಾತತ್ತ್ವ’ವಾಯಿತು. ಕನ್ನಡದ ಪ್ರಾಧ್ಯಾಪಕರೊಬ್ಬರ ಹೆಸರಿನಲ್ಲಿರುವ ನಿಧಿ ಕನ್ನಡದ ಓದಿನಿಂದ ಜಾರಿತು. ಎರಡನೆಯ ಶತಮಾನದ ವರ್ತಕನಿಗೆ ಈ ಗೆರೆ ಗೊತ್ತಿರಲಿಲ್ಲ.

ಅದೇ ರಾಜಾರಾಮ ಕಾಲೇಜಿನಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬ ವಿದ್ವಾಂಸರಿದ್ದರು: ಚಿಕ್ಕೋಡಿ ತಾಲ್ಲೂಕಿನ ಸದಲಗಾದ ಡಾ. ಆ. ನೇ. ಉಪಾಧ್ಯೆ. ಅವರು 1943ರಲ್ಲಿ ಸಂಪಾದಿಸಿದ ಹರಿಷೇಣನ ‘ಬೃಹತ್ಕಥಾಕೋಶ’ವೂ, ಸುತ್ತುದಾರಿಯಿಂದ, ಟಾಲೆಮಿಗೆ ಹೋಗಿ ಮುಟ್ಟುತ್ತದೆ. ಹರಿಷೇಣ 10ನೆಯ ಶತಮಾನದವನು, ಪುನ್ನಾಟ ಸಂಘದವನು. ಭದ್ರಬಾಹುವಿನ ಕಥೆಯಲ್ಲಿ ಅವನು ವಿಶಾಖಾಚಾರ್ಯರು ಸಂಘವನ್ನು ದಕ್ಷಿಣಾಪಥದ ಪುನ್ನಾಟ ವಿಷಯಕ್ಕೆ ಕರೆದೊಯ್ದರೆಂದು ಹೇಳುತ್ತಾನೆ. 783ರಲ್ಲಿ ಹರಿವಂಶಪುರಾಣ ಮುಗಿಸಿದ ಜಿನಸೇನನದೂ ಇದೇ ಸಂಘ. ಪುನ್ನಾಟವೆಂದರೆ ಕಪಿಲಾ-ಕಾವೇರಿಗಳ ನಡುವಣ ದಕ್ಷಿಣ ಮೈಸೂರಿನ ನಾಡು, ಕಿತ್ತೂರು ಅದರ ರಾಜಧಾನಿ. ಟಾಲೆಮಿ ‘ಪೌನ್ನಾಟ’ ಎಂಬ ಊರನ್ನು ಹೆಸರಿಸಿ, ಅಲ್ಲಿ ವೈಡೂರ್ಯ ಜಾತಿಯ ಹಸಿರು ಹರಳು ಸಿಗುತ್ತದೆಂದು ಬರೆದಿದ್ದಾನೆ. ವಿದ್ವಾಂಸರು ಸಾಮಾನ್ಯವಾಗಿ ಎರಡನ್ನೂ ಒಂದೆಂದೇ ಭಾವಿಸುತ್ತಾರೆ. ರೋಮಿನ ಶ್ರೀಮಂತರ ಉಂಗುರಕ್ಕೆ ಹರಳು ಕಳಿಸಿದ ನಾಡಿನ ಹೆಸರನ್ನೇ, ಎಲ್ಲವನ್ನೂ ತೊರೆದ ಮುನಿಗಳ ಸಂಘವೊಂದು ಹೊತ್ತು ಸೌರಾಷ್ಟ್ರದವರೆಗೆ ಹೋಯಿತು.

ವಸ್ತುಗಳು ಮಣ್ಣಿಗೆ ಸೇರಿದವು. ನಿಂತು ಉಳಿದದ್ದು ಪದಗಳು. ಸಮುದ್ರವ್ಯಾಪಾರದ ಮೂಲಕವೂ, ಉತ್ತರದ ಇಂಡೋ-ಗ್ರೀಕ್ ಅರಸರ ಮೂಲಕವೂ ಸಂಸ್ಕೃತ-ಪ್ರಾಕೃತಗಳಿಗೆ ಬಂದು, ಅಲ್ಲಿಂದ ಕನ್ನಡಕ್ಕಿಳಿದ ಗ್ರೀಕ್ ಮತ್ತು ಲ್ಯಾಟಿನ್ ಪದಗಳ ಬಗ್ಗೆ ಚಾರಿಷನ್ನಿನಂಥ ಸಂದೇಹವಿಲ್ಲ. ಶಾಸನಗಳ ‘ದ್ರಮ್ಮ’ ಗ್ರೀಕರ ದ್ರಾಖ್ಮೆ. ‘ದಿನಾರ’ ರೋಮನ್ನರ ದಿನಾರಿಯಸ್. ‘ಸುರಂಗ’ ಗ್ರೀಕಿನ ಸಿರಿಂಕ್ಸ್‌ನಿಂದ ಬಂದದ್ದೆಂದು ಭಾಷಾವಿದರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ‘ಕೇಂದ್ರ’ ಗ್ರೀಕರ ಕೆಂಟ್ರೊನ್. ಜ್ಯೋತಿಷದ ಕುಂಡಲಿಯಿಂದ ಹೊರಟ ಆ ಪದ ಇಂದು ತಾಲ್ಲೂಕು ಕೇಂದ್ರಕ್ಕೂ ಕೇಂದ್ರ ಸರ್ಕಾರಕ್ಕೂ ಸಲ್ಲುತ್ತಿದೆ. ‘ಹೋರಾ’ ಗ್ರೀಕರ ಹೊತ್ತಿನ ಪದ. ಇದರ ಬಗ್ಗೆ ವರಾಹಮಿಹಿರ ‘ಬೃಹಜ್ಜಾತಕ’ದಲ್ಲಿ ಒಂದು ಸ್ವಾರಸ್ಯದ ಮಾತು ಹೇಳಿದ್ದಾನೆ: ‘ಅಹೋರಾತ್ರ’ದ ಮೊದಲಕ್ಷರವನ್ನೂ ಕೊನೆಯಕ್ಷರವನ್ನೂ ಬಿಟ್ಟರೆ ‘ಹೋರಾ’ ಉಳಿಯುತ್ತದೆಂದು ಕೆಲವರ ಮತವಂತೆ. ಹೊರಗಿನ ಪದವನ್ನು ಕತ್ತರಿಸಿ ತನ್ನದೆಂದು ತೋರಿಸುವ ಈ ಜಾಣತನಕ್ಕೂ, ಪಪೈರಸ್ಸಿನ ಅಕ್ಷರಮಾಲೆಯನ್ನು ಕತ್ತರಿಸಿ ಕನ್ನಡ ಕಾಣುವುದಕ್ಕೂ ಹೆಚ್ಚು ದೂರವಿಲ್ಲ. ಹಾಗೆಂದು ವರಾಹಮಿಹಿರ ಸಂಕುಚಿತನಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರದಲ್ಲಿ ನಿಪುಣರಾದ್ದರಿಂದ ಋಷಿಗಳಂತೆ ಪೂಜ್ಯರು ಎಂಬ ಮಾತನ್ನು ‘ಬೃಹತ್ಸಂಹಿತೆ’ಯಲ್ಲಿ ಸೇರಿಸಿದವನೂ ಅವನೇ.

ಬ್ರಹ್ಮಪುರಿಯ ಪೊಸೈಡನ್ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯಕ್ಕೆ ಸೇರಿದ್ದಾನೆ. 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಏರ್ಪಡಿಸಿದ್ದ ಪ್ರಾಚೀನ ಬೌದ್ಧಕಲೆಯ ಪ್ರದರ್ಶನಕ್ಕೂ ಹೋಗಿಬಂದ. ಕುಡಚಿ, ಚಿಕ್ಕೋಡಿ, ನಿಪ್ಪಾಣಿಗಳ ವಿದ್ಯಾರ್ಥಿಗೆ ಅವನನ್ನು ನೋಡಿ ಬರಲು ಒಂದು ಹಗಲು ಸಾಕು. ಪದಗಳಿಗೆ ಅಷ್ಟು ದೂರವೂ ಹೋಗಬೇಕಾಗಿಲ್ಲ. 1049ರಲ್ಲಿ ನರಗುಂದದ ಜೈನಕವಿ ಶ್ರೀಧರಾಚಾರ್ಯ ‘ಜಾತಕತಿಲಕ’ವನ್ನು ರಚಿಸಿದಾಗ, ಜ್ಯೋತಿಷವನ್ನು ಕನ್ನಡದಲ್ಲಿ ಹೇಳಿದವರಲ್ಲಿ ಅವನೇ ಮೊದಲಿಗ. ಆ ಶಾಸ್ತ್ರದೊಡನೆ ಅದರ ಯವನ ಪರಿಭಾಷೆಯೂ ಕಂದಪದ್ಯಗಳ ಲಯಕ್ಕೆ ಒಗ್ಗಿಕೊಂಡು ಕನ್ನಡದ್ದಾಯಿತು.